ಬಾಲದ ಫೋಟೋಗಳು

ನಾನು ಜ್ವರದಿಂದ ಹಾಸಿಗೆ ಹಿಡಿದಿದ್ದ ದಿನ ತೆಗೆದ ಒಂದು ಫೋಟೋ ನನ್ನ ಕ್ಯಾಮೆರಾದಲ್ಲಿ ಇತ್ತು. ಕ್ಯಾಮೆರಾ ನನ್ನದು, ಅದನ್ನು ಮುಟ್ಟುವವನು ನಾನೊಬ್ಬನೇ. ಹಾಗಾದರೆ ತೆಗೆದವರು ಯಾರು? ಇಷ್ಟು ಸರಳವಾದ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೆಲಸಕ್ಕೆ ರಾಜೀನಾಮೆಯನ್ನೂ ಬರೆದು ಮುಗಿಸಿದ್ದೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ದೊಡ್ಡಾಸ್ಪತ್ರೆಯ ಔಷಧ ಕೌಂಟರಿನವನು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಗಾಜಿನ ಕಿಂಡಿಯ ಹಿಂದೆ ನಿಂತು ಚೀಟಿ ಓದುತ್ತೇನೆ, ಮಾತ್ರೆ ಎಣಿಸುತ್ತೇನೆ, ಸಹಿ ಹಾಕುತ್ತೇನೆ. ಮೂರೂವರೆಗೆ ಮನೆ, ಒಂದು ಲೋಟ ಟೀ. ನಾಲ್ಕಕ್ಕೆ ಸರಿಯಾಗಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಗೋದಾಮುಗಳ ಗಲ್ಲಿ ದಾಟಿ ವಿಮಾನ ನಿಲ್ದಾಣದ ಹಿಂಬದಿಯ ತಂತಿ ಬೇಲಿಗೆ ಹೋಗುತ್ತೇನೆ. ಅಲ್ಲೊಂದು ಮುರಿದ ಸಿಮೆಂಟ್ ಕಟ್ಟೆ ಇದೆ. ಇಪ್ಪತ್ತೆರಡು ವರ್ಷಗಳಿಂದ ಅದರ ಮೇಲೆ ಕೂತು ಬರುವ ವಿಮಾನಗಳ ಫೋಟೋ ತೆಗೆದಿದ್ದೇನೆ, ಅವುಗಳ ಬಾಲದ ಹತ್ತಿರ ಬರೆದಿರುವ ನಂಬರನ್ನು ಪುಸ್ತಕದಲ್ಲಿ ಇಳಿಸಿದ್ದೇನೆ. ಯಾಕೆ ಎಂದು ಕೇಳಬೇಡಿ. ಕೇಳಿದವರಿಗೆ ಹೇಳಿ ಹೇಳಿ ಸಾಕಾಗಿದೆ, ಯಾರಿಗೂ ಒಪ್ಪಿಗೆಯಾಗಿಲ್ಲ.

ಈ ಕೆಲಸಕ್ಕೂ ಶಿಸ್ತಿದೆ. ವಿಮಾನ ಇಳಿಯುವಾಗ ಮೂತಿ, ರೆಕ್ಕೆ, ಚಕ್ರ, ನಂಬರು ಎಲ್ಲವೂ ಸಿಗುವ ಹಾಗೆ ಪಕ್ಕದಿಂದ ಹಿಡಿಯಬೇಕು. ಹೋದ ಮೇಲೆ ಹಿಂದಿನಿಂದ ತೆಗೆಯುವುದು ಕಲಿಯದವರ ಕೆಲಸ. ಇನ್ನೊಂದು, ಸಮಯ. ಜಗತ್ತಿನ ವಿಮಾನದವರಿಗೆಲ್ಲ ಒಂದೇ ಗಡಿಯಾರ. ನಮ್ಮ ಊರಿನ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನನ್ನಂಥವರು ಪುಸ್ತಕದಲ್ಲಿ ಬರೆಯುವುದು ವಿಮಾನದವರ ಸಮಯವನ್ನೇ. ಸಂಜೆ ಐದೂ ಹತ್ತಕ್ಕೆ ಒಂದು ವಿಮಾನ ಇಳಿದರೆ ನಾನು ಬರೆಯುವುದು ಹನ್ನೊಂದೂ ನಲವತ್ತು. ಕ್ಯಾಮೆರಾದ ಗಡಿಯಾರವನ್ನೂ ಹಾಗೇ ಇಟ್ಟಿರುತ್ತೇನೆ. ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ತಾರೀಕು, ಸಮಯ ಮೂಡುತ್ತದೆ. ತಿಂಗಳಿಗೊಮ್ಮೆ ಒಳ್ಳೆಯವನ್ನು ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಫೋನು ನೋಡಿ ಯಾವ ವಿಮಾನ ಎಲ್ಲಿದೆ ಎಂದು ಹೇಳುವ ಈಗಿನವರ ವಿದ್ಯೆ ನನಗೆ ಬೇಡ. ಉತ್ತರ ನೋಡಿಕೊಂಡು ಲೆಕ್ಕ ಮಾಡುವುದರಲ್ಲಿ ಏನು ಸುಖ?

ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ದಪ್ಪಗಾದವರಿಗೆ ಸೊಂಟ ಬಿಚ್ಚಿಕೊಡುವುದು. ಯಾವಾಗಲೂ ಬಾಯಲ್ಲಿ ನಾಲ್ಕು ಗುಂಡುಪಿನ್ನು, ಕುತ್ತಿಗೆಗೆ ಟೇಪು. ಅವಳಿಗೆ ತಪ್ಪು ಗಡಿಯಾರ ಕಂಡರೆ ಆಗುವುದಿಲ್ಲ. ಬೇರೆಯವರ ಮನೆಗೆ ಹೋದರೂ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಸ್ಟೂಲು ಕೇಳಿ ಹತ್ತಿ ಸರಿ ಮಾಡಿಯೇ ಇಳಿಯುತ್ತಾಳೆ. ನನ್ನ ಕ್ಯಾಮೆರಾಕ್ಕೆ ಅವಳಿಟ್ಟ ಹೆಸರು ಸವತಿ. ನಮ್ಮ ಮನೆ ವಿಮಾನ ಇಳಿಯುವ ದಾರಿಯ ಕೆಳಗೇ ಇರುವುದರಿಂದ ಅಡುಗೆಮನೆಯ ಲೋಟಗಳು ಆಗಾಗ ನಡುಗುತ್ತವೆ. ಆಗ ಅವಳು ಪಿನ್ನುಗಳ ಸಂದಿಯಿಂದಲೇ "ನಿಮ್ಮ ಬೀಗರು ಬಂದ್ರು ನೋಡಿ" ಎನ್ನುತ್ತಾಳೆ.

ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಸಂಜೆ ನಾನು ಬೇಲಿಯಿಂದ ಬಂದಾಗ ಅವಳು "ಇವತ್ತು ಏನು?" ಎಂದು ಕೇಳುತ್ತಿದ್ದಳು. "ಎಲ್-ಕ್ಯೂ ಬಂದಿತ್ತು" ಎಂದು ನಂಬರಿನ ಕೊನೆಯ ಎರಡು ಅಕ್ಷರ ಹೇಳುತ್ತಿದ್ದೆ. "ಹೌದಾ" ಎನ್ನುತ್ತಿದ್ದಳು. ಅಲ್ಲಿಗೆ ನಮ್ಮ ಸಂಸಾರದ ಮಾತುಕತೆ ಮುಗಿಯುತ್ತಿತ್ತು. ನನಗೆ ಅದರಲ್ಲಿ ಏನೂ ಕೊರತೆ ಕಂಡಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಸುದ್ದಿ ಬಂತು. ನಾಲ್ಕು ಪಂಖದ ಹಳೆಯ ಸರಕು ವಿಮಾನವೊಂದು ನಮ್ಮ ನಿಲ್ದಾಣಕ್ಕೆ ಒಂದೇ ಒಂದು ಸಲ ಬಂದು ಹೋಗಲಿದೆ ಎಂದು. ಅಂಥವು ಲೋಕದಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಇಪ್ಪತ್ತು ವರ್ಷ ಅದರ ಚಿತ್ರ ನೋಡಿಕೊಂಡು ಬದುಕಿದವನು ನಾನು. ಅದು ಬರುವುದಕ್ಕೆ ಎರಡು ದಿನ ಮೊದಲು ನನಗೆ ಜ್ವರ ಹತ್ತಿತು. ಎಂಥ ಜ್ವರವೆಂದರೆ ಗೋಡೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಹೆಂಡತಿ ಹಣೆಗೆ ಒದ್ದೆ ಬಟ್ಟೆ ಹಾಕುವಾಗಲೆಲ್ಲ ನಾನು "ಹೋಯ್ತು, ಅದು ಹೋಯ್ತು" ಎಂದು ಗೋಳಾಡುತ್ತಿದ್ದೆನಂತೆ.

ಒಂಬತ್ತನೆಯ ದಿನ ಎದ್ದು ಕೂತು ಪುಸ್ತಕ ತೆರೆದೆ. ವಿಮಾನ ಬರಬೇಕಿದ್ದ ತಾರೀಕಿನ ಮುಂದೆ ದಪ್ಪ ಅಕ್ಷರಗಳಲ್ಲಿ, ನನ್ನದೇ ಪೆನ್ನಿನಲ್ಲಿ, ಆ ವಿಮಾನದ ನಂಬರು ಇತ್ತು. ಸಮಯ ಹನ್ನೊಂದೂ ನಲವತ್ತು. ಅಂದರೆ ಸಂಜೆ ಐದೂ ಹತ್ತು, ನಾನು ದಿನವೂ ಕಟ್ಟೆಯ ಮೇಲೆ ಇರುವ ಹೊತ್ತು. ಕ್ಯಾಮೆರಾ ತೆಗೆದೆ. ಫೋಟೋ ಇತ್ತು. ನಾಲ್ಕು ಪಂಖದ ಮುದುಕ ಮಂಜಿನೊಳಗೆ ಇಳಿದು ಹೋಗುತ್ತಿದ್ದಾನೆ, ಹಿಂದಿನಿಂದ, ಬಾಲ ಮಾತ್ರ ಸ್ಪಷ್ಟವಾಗಿ. ಕ್ಯಾಮೆರಾದ ಗಡಿಯಾರ ವಿಮಾನದವರ ಸಮಯ ಬಿಟ್ಟು ನಮ್ಮ ಊರಿನ ಸಮಯ ತೋರಿಸುತ್ತಿತ್ತು. ಅದನ್ನು ಮತ್ತೆ ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿ ಇಟ್ಟೆ.

ನನಗೆ ಯಾಕೆ ಅಷ್ಟು ಭಯವಾಯಿತು ಎಂದರೆ, ನನ್ನ ಅಣ್ಣ. ಐವತ್ತಾರನೆಯ ವಯಸ್ಸಿನಲ್ಲಿ ಅವನಿಗೆ ಮರೆವಿನ ಕಾಯಿಲೆ ಶುರುವಾಯಿತು. ಅದರ ಮೊದಲ ಗುರುತೇ ಹೀಗಿತ್ತು. ಜ್ವರದಲ್ಲಿ ಎದ್ದು ತಾನು ಓದಿದ ಶಾಲೆಯವರೆಗೆ ನಡೆದು, ವಾಪಸು ಬಂದು ಮಲಗಿ, ಮರುದಿನ ಏನೂ ಗೊತ್ತಿಲ್ಲ ಎಂದ. ಆಮೇಲೆ ಬೀಗದ ಕೈ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಆಮೇಲೆ ಅತ್ತಿಗೆಯನ್ನು ನೋಡಿ "ನೀವು ಯಾರ ಮನೆಯವರು?" ಎಂದು ಮರ್ಯಾದೆಯಿಂದ ಕೇಳಿದ. ಈಗ ನನಗೆ ಐವತ್ತೈದು.

ಹೆಂಡತಿಯನ್ನು ನೇರವಾಗಿ ಕೇಳಲು ಧೈರ್ಯ ಸಾಲಲಿಲ್ಲ. ಕೇಳುವುದೆಂದರೆ ಒಪ್ಪಿಕೊಂಡ ಹಾಗೆ. ಸುತ್ತಿ ಬಳಸಿ, "ನಾನು ಮಲಗಿದ್ದಾಗ ಏನಾದ್ರೂ ವಿಶೇಷ ನಡೀತಾ?" ಎಂದೆ.

ಅವಳು ಯಂತ್ರ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಬಾಯಲ್ಲಿ ಪಿನ್ನಿದ್ದರೂ ತುಟಿಯ ತುದಿಯಲ್ಲಿ ಒಂದು ನಗು ಇತ್ತು. "ಪುಸ್ತಕ ಇದೆಯಲ್ಲ, ನೀವೇ ನೋಡಿ" ಎಂದಳು.

ಅಯ್ಯೋ, ಇವಳಿಗೆ ಗೊತ್ತಿದೆ, ನಾನು ಜ್ವರದಲ್ಲಿ ಎದ್ದು ಹೋದದ್ದನ್ನು ಇವಳು ಕಂಡಿದ್ದಾಳೆ, ನನಗೆ ನೋವಾಗಬಾರದೆಂದು ನಗುತ್ತಿದ್ದಾಳೆ ಎಂದುಕೊಂಡೆ. ಮುಖ ತಿರುಗಿಸಿಕೊಂಡು ಒಳಗೆ ಹೋದೆ. ಯಂತ್ರ ಬಹಳ ಹೊತ್ತು ಸುಮ್ಮನೇ ಇತ್ತು.

ಬೇಸಿಗೆ ಬಂತು. ಗಾಳಿ ತಿರುಗಿ ವಿಮಾನಗಳು ನಮ್ಮ ತುದಿಯಿಂದಲೇ ಇಳಿಯತೊಡಗಿದವು. ಕಟ್ಟೆಯ ಮೇಲೆ ಕೂತರೆ ಹೊಟ್ಟೆಯ ಮೊಳೆಗಳು ಕಾಣುವಷ್ಟು ಕೆಳಗೆ. ನನ್ನಂಥವನಿಗೆ ವರ್ಷದ ಅತ್ಯಂತ ಒಳ್ಳೆಯ ಕಾಲ ಅದು. ಆದರೆ ಪುಸ್ತಕದಲ್ಲಿ ನಾನು ಬರೆದ ನೆನಪಿಲ್ಲದ ಸಾಲುಗಳು ವಾರಕ್ಕೆ ಎರಡರಂತೆ ಹೆಚ್ಚುತ್ತಾ ಹೋದವು. ಹನ್ನೊಂದೂವರೆ, ಹನ್ನೊಂದೂ ಐವತ್ತು, ಹನ್ನೆರಡೂ ಹತ್ತು. ಐದೂವರೆ ಗಂಟೆ ಕೂಡಿಸಿದರೆ ಎಲ್ಲವೂ ನಾನು ಕಟ್ಟೆಯ ಮೇಲೆ ಇದ್ದ ಹೊತ್ತೇ. ಕೂತದ್ದು ನೆನಪಿದೆ, ಉಳಿದ ವಿಮಾನಗಳು ನೆನಪಿವೆ, ಈ ಒಂದು ಮಾತ್ರ ನೆನಪಿಲ್ಲ. ತಲೆಯೊಳಗೆ ಯಾರೋ ಕತ್ತರಿ ಹಿಡಿದು ಕೂತು ಅಲ್ಲಲ್ಲಿ ಒಂದೊಂದು ತುಂಡು ಕತ್ತರಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು.

ಫೋಟೋಗಳು ಇನ್ನೂ ಕೆಟ್ಟದಾಗಿದ್ದವು. ಒಂದರಲ್ಲೂ ಮೂತಿಯಿಲ್ಲ. ಎಲ್ಲವೂ ದಾಟಿ ಹೋದ ಮೇಲೆ ತೆಗೆದವು, ಬಾಲ, ಬಾಲ, ಬರೀ ಬಾಲ. ಕೆಲವು ನೀರಿನೊಳಗೆ ನೋಡಿದ ಹಾಗೆ ಅಲುಗಾಡುತ್ತಿದ್ದವು. ಕೈ ನಡುಕವೂ ಶುರುವಾಯಿತೇ ಎಂದು ಎರಡು ಕೈಗಳನ್ನೂ ಮುಂದೆ ಚಾಚಿ ಕನ್ನಡಿಯ ಎದುರು ನಿಂತು ಪರೀಕ್ಷಿಸಿಕೊಂಡೆ. ನಡುಗಲಿಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ, ಹಾಗಾದರೆ ಅಷ್ಟು ಹೊತ್ತು ಮಾತ್ರ ನಡುಗುತ್ತದೆ ಎಂದು ತೀರ್ಮಾನಿಸಿದೆ. ಕ್ಯಾಮೆರಾದ ಗಡಿಯಾರದ್ದು ಬೇರೆ ಕಾಟ. ದಿನವೂ ಮೊದಲ ಫೋಟೋಕ್ಕೆ ಮುಂಚೆ ಗಡಿಯಾರ ನೋಡುವುದು ನನ್ನ ರೂಢಿ. ವಾರಕ್ಕೆ ಎರಡು ಸಲವಾದರೂ ಅದು ನಮ್ಮ ಊರಿನ ಸಮಯಕ್ಕೆ ಬಂದು ಕೂತಿರುತ್ತಿತ್ತು. ನಾನು ಹಿಂದಕ್ಕೆ ತಿರುಗಿಸುತ್ತಿದ್ದೆ. ಫೋಟೋ ತೆಗೆದ ಮೇಲೆ ನಾನೇ ಮುಂದಕ್ಕೆ ತಿರುಗಿಸಿ ಮರೆತಿರಬೇಕು ಎಂದುಕೊಳ್ಳುತ್ತಿದ್ದೆ.

ಪುಸ್ತಕದ ಪ್ರತಿ ಸಾಲಿನ ಕೊನೆಯಲ್ಲಿ ಷರಾ ಎಂಬ ಒಂದು ಅಂಕಣ ಇದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅಲ್ಲಿ ಬರೆದದ್ದು 'ಮೋಡ', 'ಹೊಸ ಬಣ್ಣ', ಇಂಥವು. ಈಗ ಅಲ್ಲಿ ವಿಚಿತ್ರ ಮಾತುಗಳು ಕಾಣಿಸತೊಡಗಿದವು. 'ಅವಸರದಲ್ಲಿತ್ತು.' 'ಹೊಟ್ಟೆ ತುಂಬ ಕೊಳೆ, ತೊಳೆಯುವವರಿಲ್ಲವೇ.' 'ಇದರ ಬಣ್ಣ ಇದಕ್ಕೆ ಒಪ್ಪುವುದಿಲ್ಲ.' ಓದಿ ಕಕ್ಕಾಬಿಕ್ಕಿಯಾದೆ. ವಿಮಾನಕ್ಕೆ ಬಣ್ಣ ಒಪ್ಪುತ್ತದೆಯೇ ಇಲ್ಲವೇ ಎಂದು ನಾನು ಹುಟ್ಟಿದಾಗಿನಿಂದ ಯೋಚಿಸಿದವನಲ್ಲ. ಅಕ್ಷರವೂ ನನ್ನದರಂತಿರಲಿಲ್ಲ. ಕಾಯಿಲೆ ಸ್ವಭಾವವನ್ನೂ ಕೈಬರಹವನ್ನೂ ಬದಲಿಸುತ್ತದೆ ಎಂದು ಡಾಕ್ಟರು ಅಣ್ಣನ ವಿಷಯದಲ್ಲಿ ಹೇಳಿದ್ದು ನೆನಪಾಯಿತು.

ನಿಜವೋ ಸುಳ್ಳೋ ಪರೀಕ್ಷಿಸಬಹುದಿತ್ತು. ಬೆಳಿಗ್ಗೆ ಕ್ಯಾಮೆರಾದಲ್ಲಿ ಎಷ್ಟು ಫೋಟೋ ಇವೆ ಎಂದು ಎಣಿಸಿಟ್ಟು ಮಧ್ಯಾಹ್ನ ನೋಡಿದರೆ ಸಾಕಿತ್ತು. ನಾನು ಮಾಡಲಿಲ್ಲ. ಲ್ಯಾಬಿನಿಂದ ಬಂದ ಲಕೋಟೆಯನ್ನು ಒಡೆಯದೆ ಚೀಲದೊಳಗೆ ಇಟ್ಟುಕೊಂಡು ತಿರುಗುವ ರೋಗಿಗಳನ್ನು ದಿನಾ ಕಾಣುತ್ತೇನೆ, ಅವರನ್ನು ಒಳಗೊಳಗೇ ಬೈದುಕೊಂಡಿದ್ದೇನೆ. ನಾನೂ ಅದೇ ಜಾತಿ ಎಂದು ಆಗ ತಿಳಿಯಿತು.

ಕೌಂಟರಿನಲ್ಲಿ ಪ್ರತಿಯೊಂದನ್ನೂ ಮೂರು ಸಲ ಎಣಿಸತೊಡಗಿದೆ. ಸಾಲು ಉದ್ದವಾಯಿತು. "ಏನ್ ಸಾರ್, ಮಾತ್ರೆಗೆ ಹೆಸರಿಡ್ತಾ ಇದೀರಾ?" ಎಂದು ಒಬ್ಬ ಕೇಳಿದ. ನಗಲಾಗಲಿಲ್ಲ. ನನ್ನ ತಲೆ ಕೆಟ್ಟರೆ ನನಗೊಬ್ಬನಿಗೆ ನಷ್ಟವಲ್ಲ. ಕಿಂಡಿಯ ಆಚೆ ಕೈಚಾಚಿದವರು ನಾನು ಕೊಟ್ಟದ್ದನ್ನು ನಂಬಿ ನುಂಗುತ್ತಾರೆ.

ಮನೆಯಲ್ಲಿ ಹೆಂಡತಿಯ ವರ್ತನೆಯೂ ಬೇರೆಯಾಗಿತ್ತು. ಸಂಜೆ ಟೀ ಕೊಡುವಾಗ ಪಕ್ಕದಲ್ಲೇ ನಿಲ್ಲುತ್ತಿದ್ದಳು. ನಾನು ಪುಸ್ತಕ ತೆರೆದರೆ ಏನೋ ಕಾಯುವವಳ ಹಾಗೆ ನೋಡುತ್ತಿದ್ದಳು. "ಇವತ್ತು ಪುಸ್ತಕದಲ್ಲಿ ಏನಿದೆ?" ಎಂದು ಒಂದು ದಿನ ಕೇಳಿದಳು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವಳು ಪುಸ್ತಕದ ಮಾತೆತ್ತಿದ್ದು ಅದೇ ಮೊದಲ ಸಲ. ನನ್ನನ್ನು ಪರೀಕ್ಷಿಸುತ್ತಿದ್ದಾಳೆ ಎಂದುಕೊಂಡೆ. "ಏನಿರುತ್ತೆ, ನಂಬರು" ಎಂದು ಪುಸ್ತಕ ಮುಚ್ಚಿದೆ. ಅವಳ ಮುಖ ಸಪ್ಪಗಾಯಿತು. ಪಾಪ, ಗಂಡನ ಗತಿ ನೆನೆದು ದುಃಖಪಡುತ್ತಿದ್ದಾಳೆ ಎಂದು ನನಗೂ ಕಣ್ಣು ತುಂಬಿ ಬಂತು.

ಮಳೆಗಾಲದಲ್ಲಿ ಒಂದು ದಿನ ಕೆಲಸದಿಂದ ಬಂದಾಗ ನನ್ನ ಕಪ್ಪು ಛತ್ರಿ ಮೂಲೆಯಲ್ಲಿ ನೀರು ಸುರಿಸಿಕೊಂಡು ನಿಂತಿತ್ತು. ಬೆಳಿಗ್ಗೆ ನಾನು ರೈನ್‌ಕೋಟ್ ಹಾಕಿಕೊಂಡು ಹೋಗಿದ್ದೆ. ಅಥವಾ ಹೋಗಿದ್ದೆ ಎಂದುಕೊಂಡಿದ್ದೆ. ರೈನ್‌ಕೋಟ್ ಮುಟ್ಟಿ ನೋಡಿದೆ, ಅದೂ ಒದ್ದೆ. ಎರಡನ್ನೂ ತೆಗೆದುಕೊಂಡು ಹೋದೆನೇ? ಒಬ್ಬನೇ ಮನುಷ್ಯ ರೈನ್‌ಕೋಟ್ ಹಾಕಿ ಛತ್ರಿಯನ್ನೂ ಹಿಡಿದರೆ ಆಸ್ಪತ್ರೆಯಲ್ಲಿ ಯಾರಾದರೂ ನಗುತ್ತಿದ್ದರಲ್ಲವೇ? ತಲೆ ಕೆಟ್ಟು ಗೊಬ್ಬರವಾಯಿತು. ಆ ದಿನದ ಪುಟದಲ್ಲಿ ಷರಾ ಹೀಗಿತ್ತು: 'ಒದ್ದೆ ನೆಲಕ್ಕೆ ಇಳಿದಾಗ ಒಗೆದ ಬಟ್ಟೆ ಜಾಡಿಸಿದ ಹಾಗೆ ನೀರು ಎದ್ದಿತು.' ನಾನು ಜೀವಮಾನದಲ್ಲಿ ಒಂದು ಬಟ್ಟೆ ಒಗೆದವನಲ್ಲ, ಜಾಡಿಸಿದವನಲ್ಲ. ಆದರೂ ಅದನ್ನು ಬರೆದವನು ನಾನೇ ಎಂದು ನಂಬಿದೆನಲ್ಲ, ಆ ಪೆದ್ದುತನಕ್ಕೆ ಏನು ಹೇಳಲಿ.

ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಾದ ವಾರದಲ್ಲಿ ಕೌಂಟರಿನಲ್ಲಿ ಆ ಘಟನೆ ನಡೆಯಿತು. ಒಬ್ಬ ಅಜ್ಜಿಗೆ ಬಿಪಿ ಮಾತ್ರೆ ಕೊಡಬೇಕಿತ್ತು. ಅದರದೇ ಎರಡರಷ್ಟು ಶಕ್ತಿಯ ಪಟ್ಟಿಯನ್ನು ಕಿಂಡಿಯಿಂದ ದಾಟಿಸಿದೆ. ಅಜ್ಜಿ ಚೀಲದ ಬಾಯಿ ಬಿಚ್ಚುವಷ್ಟರಲ್ಲಿ ಕಣ್ಣಿಗೆ ಬಿತ್ತು, ಕೈ ಹಾಕಿ ಕಿತ್ತುಕೊಂಡೆ. ಅಜ್ಜಿ ಗಾಬರಿಯಾದರು. ಎರಡೂ ಪಟ್ಟಿ ನೋಡಲು ಒಂದೇ ಥರ, ಇಂಥ ತಪ್ಪು ಯಾರಿಂದಲೂ ಆಗುತ್ತದೆ, ಅದಕ್ಕೇ ಎರಡು ಸಲ ನೋಡುವ ನಿಯಮ ಇರುವುದು. ಆದರೆ ನನಗೆ ಸಾಕಾಗಿಹೋಯಿತು. ಮರುದಿನ ರಾಜೀನಾಮೆ ಪತ್ರ ಬರೆದು, ಜೊತೆಗೆ ಪುಸ್ತಕವನ್ನೂ ಬಾಲದ ಫೋಟೋಗಳ ಪ್ರಿಂಟುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಹನ್ನೊಂದರ ಹೊತ್ತಿಗೆ ಸಾಲು ಕರಗಿದಾಗ ಚೀಫ್ ಮೇಡಂ ಕೋಣೆಗೆ ನುಗ್ಗಿದೆ.

ಚೀಫ್ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು, ಔಷಧ ವಿಭಾಗಕ್ಕೆಲ್ಲ ಮುಖ್ಯಸ್ಥೆ. ಕನ್ನಡಕ ತಲೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವವರು. ಪತ್ರ ಓದಿದರು. "ಇದೇನು ಮರೆವು ಅಂತ ಬರೆದಿದ್ದೀರಿ? ಯಾವ ಡಾಕ್ಟ್ರು ಹೇಳಿದ್ದು?"

"ಯಾರೂ ಹೇಳಿಲ್ಲ ಮೇಡಂ. ಸಾಕ್ಷಿ ತಂದಿದ್ದೀನಿ."

ಎಲ್ಲವನ್ನೂ ಹರಡಿ ವಿವರಿಸಿದೆ. ಅಣ್ಣ, ಜ್ವರ, ನೆನಪಿಲ್ಲದ ಸಾಲುಗಳು. ಅವರು ಚೀಟಿ ಪರಿಶೀಲಿಸುವ ಹಾಗೆ ಒಂದೊಂದೇ ಫೋಟೋ ಎತ್ತಿ ನೋಡಿದರು.

"ಈ ಬೇಸಿಗೇದು ತೆಗೆದದ್ದು ಎಷ್ಟು ಹೊತ್ತಿಗೆ? ಇಲ್ಲಿ ಹನ್ನೊಂದೂ ನಲವತ್ತು ಅಂತಿದೆ."

"ಅದು ವಿಮಾನದವರ ಸಮಯ ಮೇಡಂ. ಐದೂವರೆ ಗಂಟೆ ಕೂಡಿಸಬೇಕು. ಸಂಜೆ ಐದೂ ಹತ್ತು."

"ಸಂಜೆ?" ಎಂದು ಫೋಟೋವನ್ನು ನನ್ನ ಕಡೆ ತಿರುಗಿಸಿದರು. "ಹಾಗಾದ್ರೆ ಇದರ ನೆರಳು ಎಲ್ಲಿ?"

ನೋಡಿದೆ. ಇಳಿದು ಓಡುತ್ತಿದ್ದ ವಿಮಾನದ ನೆರಳು ಅದರ ಹೊಟ್ಟೆಯ ಕೆಳಗೇ, ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಸಂಜೆಯಾಗಿದ್ದರೆ ಅದು ರನ್‌ವೇ ದಾಟಿ ಹುಲ್ಲಿನವರೆಗೆ ಚಾಚಬೇಕಿತ್ತು. ಆ ಅಲುಗಾಟ ಏನೆಂದೂ ಆಗಲೇ ಹೊಳೆಯಿತು. ನಡುಮಧ್ಯಾಹ್ನದ ಬಿಸಿಲಿಗೆ ರನ್‌ವೇ ಮೇಲಿನ ಗಾಳಿ ಕುದಿಯುತ್ತದೆ. ಆ ಹೊತ್ತಿನಲ್ಲಿ ತೆಗೆದ ಫೋಟೋ ಹಾಳು ಎಂದು ಹೊಸಬರಿಗೆ ನಾನೇ ಬುದ್ಧಿ ಹೇಳಿದ್ದೇನೆ. ಒಂಬತ್ತು ತಿಂಗಳು ಮೂಲೆಯ ಅಂಕಿಯನ್ನು ನೋಡಿದ್ದೇ ನೋಡಿದ್ದು, ನೆರಳನ್ನು ಒಂದು ಸಲವೂ ನೋಡಿರಲಿಲ್ಲ.

ಮೇಡಂ ಆ ತಿಂಗಳ ದಾಖಲೆ ತರಿಸಿ ತಾರೀಕು ಹುಡುಕಿದರು. "ಬನ್ನಿ ಇಲ್ಲಿ. ಹನ್ನೊಂದೂ ಮೂವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಮಾತ್ರೆ, ನಿಮ್ಮ ಸಹಿ. ಹನ್ನೊಂದೂ ನಲವತ್ತೆರಡಕ್ಕೆ ಕೆಮ್ಮಿನ ಔಷಧಿ, ನಿಮ್ಮ ಸಹಿ. ನೀವು ಇಲ್ಲೇ ಇದ್ರಿ. ಇದು ನಿಮ್ಮ ಫೋಟೋ ಅಲ್ಲ." ಕನ್ನಡಕ ತಲೆಯಿಂದ ಇಳಿಸಿ ನನ್ನನ್ನು ನೋಡಿದರು. "ಕ್ಯಾಮೆರಾ ಗಡಿಯಾರಾನ ಯಾರೋ ನಮ್ಮ ಟೈಮಿಗೆ ಸರಿ ಮಾಡಿ ತೆಗೆದಿದ್ದಾರೆ. ನಿಮ್ಮನೇಲಿ ಗಡಿಯಾರ ಸರಿ ಮಾಡೋರು ಯಾರು?"

ಸ್ಟೂಲು ಕೇಳಿ ಹತ್ತುವ ಒಂದೇ ಒಂದು ಮುಖ ಕಣ್ಣ ಮುಂದೆ ಬಂತು.

ಪತ್ರವನ್ನು ಮಡಚಿ ನನ್ನ ಜೇಬಿಗೇ ತುರುಕಿ, "ಇವತ್ತು ರಜೆ ಹಾಕಿ ಮನೆಗೆ ಹೋಗಿ" ಎಂದರು ಮೇಡಂ.

ಮನೆಗೆ ಬೀಗ. ಹೊಲಿಗೆ ಯಂತ್ರದ ಮೇಲೆ ಹೊದಿಕೆ ಹಾಕಿದ್ದು ಕಿಟಕಿಯಿಂದ ಕಂಡಿತು. ಗೋದಾಮುಗಳ ಗಲ್ಲಿಯಲ್ಲಿ ಓಡಿದೆ ಎಂದೇ ಹೇಳಬೇಕು. ಕೊನೆಯ ಗೋದಾಮಿನ ಮೂಲೆಯಲ್ಲಿ ಕಾಲು ನಿಂತಿತು.

ನನ್ನ ಕಟ್ಟೆಯ ಮೇಲೆ ನನ್ನ ಹೆಂಡತಿ ಕೂತಿದ್ದಳು. ಕುತ್ತಿಗೆಯಲ್ಲಿ ಟೇಪೂ ಇತ್ತು, ಕ್ಯಾಮೆರಾವೂ ಇತ್ತು. ಪಕ್ಕದಲ್ಲಿ ನೀರಿನ ಬಾಟಲಿ. ಆಕಾಶದಲ್ಲಿ ಒಂದು ವಿಮಾನ ದೀಪ ಹಚ್ಚಿಕೊಂಡು ಬರುತ್ತಿತ್ತು. ಅವಳು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು, ಆದರೆ ಕಣ್ಣಿಗೆ ಏರಿಸಲಿಲ್ಲ. ಬಾಯಿ ತುಸು ತೆರೆದುಕೊಂಡು ನೋಡುತ್ತಲೇ ಇದ್ದಳು. ಅದು ತಲೆಯ ಮೇಲೆ ಬಂದಾಗ ಅವಳ ತಲೆಯೂ ಅದರ ಜೊತೆಗೇ ತಿರುಗಿತು. ಚಕ್ರ ನೆಲ ಮುಟ್ಟಿ ಹೊಗೆ ಎದ್ದು ವಿಮಾನ ದೂರ ಓಡಿದ ಮೇಲೆ ಏನೋ ನೆನಪಾದವಳ ಹಾಗೆ ಗಡಿಬಿಡಿಯಿಂದ ಕ್ಯಾಮೆರಾ ಎತ್ತಿ ಒಂದು ಸಲ ಒತ್ತಿದಳು.

ನನ್ನನ್ನು ಕಂಡು ಮೊದಲು ಗಾಬರಿಯಾದಳು, ಆಮೇಲೆ ಗಲ್ಲ ಎತ್ತಿದಳು. "ಏನು, ಇಷ್ಟು ಬೇಗ ಬಂದ್ರಿ? ಇವತ್ತು ಪುಸ್ತಕ ಸಿಗ್ಲಿಲ್ಲ. ಇದ್ರಲ್ಲಿ ಬರ್ಕೊಂಡೆ" ಎಂದು ಅಳತೆ ಬರೆಯುವ ಚೀಟಿ ತೋರಿಸಿದಳು. ಯಾರದೋ ಸೊಂಟದ ಅಳತೆಯ ಕೆಳಗೆ ವಿಮಾನದ ನಂಬರಿತ್ತು. "ಮತ್ತೆ ನಿಮ್ಮ ಈ ಸವತಿಯ ಗಡಿಯಾರ ಕೆಟ್ಟಿದೆ, ರಿಪೇರಿಗೆ ಕೊಡಿ. ಎಷ್ಟು ಸಲ ಸರಿ ಮಾಡಿದ್ರೂ ಐದೂವರೆ ಗಂಟೆ ಹಿಂದೆ ಹೋಗುತ್ತೆ."

ನಾನು ಆ ಗಡಿಯಾರದ ವಿಷಯ ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ಕುಸಿದೆ. ಎಲ್ಲವನ್ನೂ ಹೇಳಿದೆ. ಅಣ್ಣನ ಹಾಗೆ ಆಗುತ್ತಿದ್ದೇನೆ ಎಂದು ಹೆದರಿದ್ದು, ಕನ್ನಡಿಯ ಮುಂದೆ ಕೈ ಚಾಚಿ ನಿಂತಿದ್ದು, ಅಜ್ಜಿಯ ಮಾತ್ರೆ, ಜೇಬಿನಲ್ಲಿದ್ದ ಪತ್ರ. ಹೇಳುತ್ತಾ ನಗು ಬಂತು, ಕುತ್ತಿಗೆಯ ಮೇಲಿನ ಭಾರ ಇಳಿದವನ ನಗು. ಅವಳೂ ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. ಪತ್ರ ತೆಗೆದುಕೊಂಡು ಪೂರ್ತಿ ಓದಿದಳು. "ಒಂಬತ್ತು ತಿಂಗಳು ಒಬ್ಬರೇ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?" ಎಂದಳು. ಕಣ್ಣಲ್ಲಿ ನೀರಿತ್ತು. ಪತ್ರ ಮಡಚಿ ನನ್ನ ಕೈಗೆ ಕೊಡುವಾಗ ಅವಳ ದನಿ ಬದಲಾಗಿತ್ತು.

"ಜ್ವರದಲ್ಲಿ ಹೋಯ್ತು ಹೋಯ್ತು ಅಂತ ಅಳ್ತಿದ್ರಿ. ನೋಡೋಕಾಗ್ಲಿಲ್ಲ. ನಿಮಗೆ ನಿದ್ದೆ ಬಂದ ಮೇಲೆ ಇಲ್ಲಿಗೆ ಓಡಿ ಬಂದೆ. ಎದ್ದು ಪುಸ್ತಕ ನೋಡಿದ ಕೂಡಲೇ ಕೇಳ್ತೀರಿ, ಹೇಗಿತ್ತೇ ಅಂತ ಕೇಳ್ತೀರಿ, ಹೇಳೋಣ ಅಂತ ಕಾದೆ. ಪುಸ್ತಕ ನೋಡಿ ಅಂತ ನಾನೇ ಅಂದೆ. ಮುಖ ತಿರುಗಿಸಿಕೊಂಡು ಹೋದ್ರಿ. ಪುಸ್ತಕ ಮುಟ್ಟಿದ್ದಕ್ಕೆ ಕೋಪ ಇರಬೇಕು ಅಂದ್ಕೊಂಡೆ. ಆದ್ರೆ ಬರೀಬೇಡ ಅಂತಾನೂ ಅನ್ಲಿಲ್ಲ. ಅದಕ್ಕೇ ಮತ್ತೆ ಮತ್ತೆ ಬಂದೆ. ಒಂದು ದಿನ ಕೇಳ್ತೀರಿ ಅಂತ."

"ನನ್ನ ಅಕ್ಷರ ಅಂತಾನೇ..." ಎಂದೆ.

"ನನ್ನ ಮಾತು ಇತ್ತಲ್ಲ ಅದ್ರಲ್ಲಿ" ಎಂದಳು. "ಬಟ್ಟೆ ಜಾಡಿಸಿದ ಹಾಗೆ ಅಂತ ಬರೆದಿದ್ದೆ. ನಮ್ಮ ಮನೇಲಿ ಬಟ್ಟೆ ಜಾಡಿಸೋರು ಯಾರಿದ್ದಾರೆ ರೀ? ನಿಮಗೇ ತಲೆ ಕೆಟ್ಟಿದೆ ಅಂತ ನಂಬೋಕಾಯ್ತು. ನಿಮ್ಮ ಹೆಂಡತಿ ಬಂದು ಒಂದು ವಿಮಾನ ನೋಡಿದ್ಳು ಅಂತ ನಂಬೋಕಾಗ್ಲಿಲ್ಲ."

ನನ್ನ ನಗು ಅಲ್ಲೇ ಸತ್ತಿತು. ಅವಳು ಹೇಳಿದ್ದು ನಿಜ. ಒಂಬತ್ತು ತಿಂಗಳಲ್ಲಿ ಎಷ್ಟೆಲ್ಲ ಊಹಿಸಿದ್ದೆ, ಅದರಲ್ಲಿ ಒಂದು ಸಲವೂ ಅವಳು ಬಂದಿರಲಿಲ್ಲ. ನಾಚಿಕೆಯಾಯಿತು. ಬೇಲಿಯ ಆಚೆ ಒಂದು ವಿಮಾನ ಇಳಿಯಿತು. ಕ್ಯಾಮೆರಾ ಅವಳ ಮಡಿಲಲ್ಲೇ ಇತ್ತು, ನಾನು ಕೈ ಚಾಚಲಿಲ್ಲ.

ಚೀಲದಿಂದ ಪುಸ್ತಕ ತೆಗೆದು ಚಳಿಗಾಲದ ಆ ಪುಟ ತೆರೆದೆ. "ಹೇಗಿತ್ತೇ ಅದು?" ಎಂದೆ.

ಅವಳು ಬಾಟಲಿಯ ಮುಚ್ಚಳ ಬಿಚ್ಚಿ ನೀರು ಕುಡಿದಳು, ಮುಚ್ಚಿದಳು. ಆಮೇಲೆ ಹೇಳಿದಳು. ಮಂಜಿನೊಳಗೆ ಮೊದಲು ಸದ್ದು ಮಾತ್ರ ಬಂತಂತೆ, ಹಳೇ ಹೊಲಿಗೆ ಯಂತ್ರದ ಥರದ ಸದ್ದು. ನಾಲ್ಕು ಪಂಖದಲ್ಲಿ ಎಡಗಡೆಯ ಕೊನೆಯದು ಉಳಿದವಕ್ಕಿಂತ ಸ್ವಲ್ಪ ಸೋಮಾರಿಯಾಗಿ ತಿರುಗುತ್ತಿತ್ತಂತೆ. ಇಳಿಯುವಾಗ ಒಂದು ಸಲ ನೆಲ ಮುಟ್ಟಿ, ಬೇಡವೆಂದು ಎದ್ದು, ಮತ್ತೆ ಕೂತಿತಂತೆ. ನೋಡುತ್ತಾ ನಿಂತುಬಿಟ್ಟಳಂತೆ, ಫೋಟೋ ನೆನಪಾದಾಗ ಬಾಲ ಮಾತ್ರ ಉಳಿದಿತ್ತಂತೆ. ಆ ವಿಮಾನದ ಬಗ್ಗೆ ಇಪ್ಪತ್ತು ವರ್ಷ ಓದಿದ್ದೇನೆ, ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಮುಗಿದ ಮೇಲೆ ಇನ್ನೊಂದು ಸಲ ಹೇಳು ಎಂದೆ, ಹೇಳಿದಳು.

ಷರಾ ಅಂಕಣದ ಪಕ್ಕದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು, ಮೇಲೆ 'ನೋಡಿದವರು' ಎಂದು ಬರೆದೆ. ಚಳಿಗಾಲದಿಂದ ಶುರುಮಾಡಿ ಅವಳ ಸಾಲುಗಳನ್ನು ಒಂದೊಂದಾಗಿ ಗುರುತು ಹಾಕಿಸಿಕೊಳ್ಳಲು ಪುಸ್ತಕವನ್ನು ಅವಳ ಕೈಗೆ ಕೊಟ್ಟೆ.

ಅವಳು ಪುಸ್ತಕವನ್ನು ದೂರ ಹಿಡಿದು ನೋಡಿ, "ಗೆರೆ ಸೊಟ್ಟಗಿದೆ" ಎಂದಳು.